ಇನ್ಶೂರೆನ್ಸ್ ಕಂಪನಿಗೆ ನಿಮ್ಮ ಜಿಮ್ ಮೇಲೆ ಯಾಕಿಷ್ಟು ಪ್ರೀತಿ?

ಆರೋಗ್ಯ ವಿಮೆ ಮಾಡಿಸಿದರೆ ಜಿಮ್ ಸದಸ್ಯತ್ವ ಅರ್ಧ ಬೆಲೆಗೆ. ಇಂಥ ಜಾಹೀರಾತು ಈಗ ಎಲ್ಲ ಕಡೆ ಕಾಣುತ್ತದೆ. ಪಾಲಿಸಿಯ ಸಣ್ಣ ಅಕ್ಷರ ಓದುವ ಚಟ ನನಗಿದೆ ಅಂತ ಗೊತ್ತಿರುವವರು ಆಗಾಗ ಬಂದು ಕೇಳುತ್ತಾರೆ, ಇದು ನಿಜವಾಗ್ಲೂ ಲಾಭನಾ, ಇಲ್ಲಾ ಇದರಲ್ಲೂ ಏನಾದ್ರೂ ಕೊಕ್ಕೆ ಇದೆಯಾ ಅಂತ. ನನ್ನ ಉತ್ತರ ಚಿಕ್ಕದು. ನೀವು ಈಗಾಗಲೇ ಜಿಮ್‌ಗೆ ಹೋಗುವವರಾದರೆ ಕಣ್ಣು ಮುಚ್ಚಿ ತಗೊಳ್ಳಿ, ಬರುವ ದುಡ್ಡನ್ನು ಯಾಕೆ ಬಿಡಬೇಕು? ಹೋಗದವರಾದರೆ, ರಿಯಾಯಿತಿ ಸಿಕ್ಕ ಮೇಲೆ ಹೋಗುತ್ತೇನೆ ಅನ್ನುವ ನಂಬಿಕೆಯಲ್ಲಿ ಪಾಲಿಸಿ ಆರಿಸಬೇಡಿ. ಯಾಕೆ ಅನ್ನೋದು ಮಾತ್ರ ಸ್ವಲ್ಪ ಉದ್ದದ ಕತೆ.

ಮೊದಲು ಎಲ್ಲರೂ ಹೇಳುವ ವಿವರಣೆ ನೋಡೋಣ. ನೀವು ವ್ಯಾಯಾಮ ಮಾಡುತ್ತೀರಿ, ಆರೋಗ್ಯವಾಗಿರುತ್ತೀರಿ, ಆಸ್ಪತ್ರೆ ಖರ್ಚು ಕಡಿಮೆಯಾಗುತ್ತದೆ, ಕಂಪನಿಗೆ ಉಳಿತಾಯ, ಆ ಉಳಿತಾಯದಲ್ಲಿ ಒಂದು ಪಾಲು ನಿಮಗೆ. ಕೇಳೋಕೆ ಎಷ್ಟು ಚೆನ್ನಾಗಿದೆ! ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಕಾಲದ ಲೆಕ್ಕ ಕೂಡುವುದಿಲ್ಲ. ಇವತ್ತು ಟ್ರೆಡ್‌ಮಿಲ್ ಹತ್ತಿದರೆ ಅದರ ದೊಡ್ಡ ಫಲ, ಅಂದರೆ ತಪ್ಪಿದ ಹೃದಯಾಘಾತ, ತಡವಾಗಿ ಬಂದ ಸಕ್ಕರೆ ಕಾಯಿಲೆ, ಇವೆಲ್ಲ ಕಾಣಿಸೋದು ಹತ್ತು ಇಪ್ಪತ್ತು ವರ್ಷ ಕಳೆದ ಮೇಲೆ. ಆರೋಗ್ಯ ವಿಮೆಯೋ, ಸಾಮಾನ್ಯವಾಗಿ ಒಂದು ವರ್ಷದ ಒಪ್ಪಂದ. ಅಷ್ಟು ಹೊತ್ತಿಗೆ ನೀವು ಯಾವ ಕಂಪನಿಯಲ್ಲಿರುತ್ತೀರೋ ಯಾರಿಗೆ ಗೊತ್ತು? ನನ್ನ ಜಿಮ್ ಖರ್ಚಿನ ಫಲ ನಾಳೆ ಪಕ್ಕದ ಕಂಪನಿಯ ಪಾಲಾಗುವುದಾದರೆ ಈ ಕಂಪನಿ ಇವತ್ತು ಯಾಕೆ ಕೈಯಿಂದ ದುಡ್ಡು ಹಾಕುತ್ತದೆ? ವಿಮಾ ಕಂಪನಿಗಳು ಲೆಕ್ಕದಲ್ಲಿ ದಡ್ಡರಲ್ಲ. ಹಾಗಾದರೆ ಅವರಿಗೆ ಈ ವರ್ಷವೇ ಏನೋ ಸಿಗುತ್ತಿರಬೇಕು ಅಲ್ವಾ?

ಸಿಗುತ್ತದೆ. ಏನು ಅಂದರೆ, ನೀವು. ನಿಮ್ಮನ್ನು ಬದಲಾಯಿಸುವುದಕ್ಕಿಂತ ನಿಮ್ಮಂಥವರನ್ನು ಹುಡುಕಿಕೊಳ್ಳುವುದು ಸುಲಭ. ಜಿಮ್ ರಿಯಾಯಿತಿ ಕಂಡು ಓಡಿ ಬರುವವರು ಯಾರು ಅಂತ ಒಮ್ಮೆ ಯೋಚಿಸಿ. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದವರು ಬರುವುದಿಲ್ಲ, ಡಯಾಲಿಸಿಸ್‌ಗೆ ಓಡಾಡುವವರು ಬರುವುದಿಲ್ಲ. ಬರುವವರು ಆಗಲೇ ಗಟ್ಟಿಮುಟ್ಟಾಗಿರುವವರು. ಯಾರನ್ನೂ 'ನೀವು ಬೇಡ' ಅನ್ನದೆ, ಯಾರ ಆರೋಗ್ಯದ ಬಗ್ಗೆಯೂ ಒಂದು ಪ್ರಶ್ನೆ ಕೇಳದೆ, ಕಡಿಮೆ ಖರ್ಚಿನ ಗಿರಾಕಿಗಳನ್ನು ಬೇರೆ ಮಾಡಿಕೊಡುವ ಜರಡಿ ಇದು.

ಇದು ನನ್ನ ಅನುಮಾನ ಅಂದುಕೊಳ್ಳಬೇಡಿ, ಅಳೆದು ನೋಡಿದವರಿದ್ದಾರೆ. ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಅಡ್ವಾಂಟೇಜ್ ಅನ್ನುವ ಯೋಜನೆಗಳಿವೆ. ಖಾಸಗಿ ಕಂಪನಿಗಳು ನಡೆಸುತ್ತವೆ, ಆದರೆ ಆರೋಗ್ಯ ಸರಿ ಇಲ್ಲ ಅಂತ ಯಾರನ್ನೂ ವಾಪಸ್ ಕಳಿಸುವ ಹಾಗಿಲ್ಲ. ಅಲ್ಲಿ ಹೊಸದಾಗಿ ಜಿಮ್ ಸದಸ್ಯತ್ವ ಸೇರಿಸಿದ 11 ಯೋಜನೆಗಳನ್ನು ತಗೊಂಡು, ಜಿಮ್ ಸೌಲಭ್ಯ ಸೇರಿಸುವ ಮೊದಲು ಬಂದವರನ್ನೂ ಆಮೇಲೆ ಬಂದವರನ್ನೂ ಹೋಲಿಸಿದ ಒಂದು ಅಧ್ಯಯನ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತಮ್ಮ ಆರೋಗ್ಯ ತುಂಬಾ ಚೆನ್ನಾಗಿದೆ ಅಥವಾ ಅತ್ಯುತ್ತಮವಾಗಿದೆ ಅಂದವರ ಪಾಲು ಆಮೇಲೆ ಬಂದವರಲ್ಲಿ 6.1 ಪರ್ಸೆಂಟೇಜ್ ಪಾಯಿಂಟ್ ಹೆಚ್ಚಿತ್ತು. ಗಮನಿಸಿ, ಇವರು ಆಗಷ್ಟೇ ಸೇರಿದವರು. ಜಿಮ್ ಇವರನ್ನು ಆರೋಗ್ಯವಂತರನ್ನಾಗಿ ಮಾಡಲಿಲ್ಲ. ಆರೋಗ್ಯವಂತರೇ ಜಿಮ್ ನೋಡಿ ಬಂದರು.

ಈ ಆಟ ಶುರುವಾದ ಜಾಗವನ್ನೂ ನೋಡಬೇಕು. ವಿಮೆಯ ಜೊತೆ, ವ್ಯಾಯಾಮ ಮಾಡಿದ್ದಕ್ಕೆ ಅಂಕ, ಹಂತ, ಬಹುಮಾನ ಅಂತ ಜೋಡಿಸಿದ ಯೋಜನೆಗಳಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಹೆಸರು ಮಾಡಿದ್ದು ದಕ್ಷಿಣ ಆಫ್ರಿಕಾದ ಡಿಸ್ಕವರಿ ಕಂಪನಿಯ ವೈಟಾಲಿಟಿ. 1997ರಲ್ಲಿ ಬಂದದ್ದು. ಅದರ ಮರುವರ್ಷವೇ ಅಲ್ಲಿ ಮೆಡಿಕಲ್ ಸ್ಕೀಮ್ಸ್ ಕಾಯ್ದೆ ಬಂತು. ಎಲ್ಲರಿಗೂ ತೆರೆದಿರುವ ಸ್ಕೀಮ್‌ಗಳು (ನಮ್ಮ ಆರೋಗ್ಯ ವಿಮೆಯ ಥರದವು) ಅರ್ಜಿ ಹಾಕಿದವರನ್ನು ಸೇರಿಸಿಕೊಳ್ಳಲೇಬೇಕು, ಕಾಯಿಲೆ ಇದೆ ಅಂತ ಹೆಚ್ಚು ಕಂತು, ಅಂದರೆ ಪ್ರೀಮಿಯಂ, ಕೇಳುವ ಹಾಗಿಲ್ಲ ಅಂತ ನಿಯಮವಾಯಿತು. ಅಂದರೆ ಆರೋಗ್ಯ ನೋಡಿ ಬೆಲೆ ಹಾಕುವ ಬಾಗಿಲು ಮುಚ್ಚಿತು. ಆದರೆ ವೈಟಾಲಿಟಿ ಕಾನೂನಿನ ಕಣ್ಣಲ್ಲಿ ವಿಮೆಯೇ ಅಲ್ಲ, ಅದು ಬೇರೆ ತಿಂಗಳ ಶುಲ್ಕ ಕೊಟ್ಟು ಸೇರುವ ಪ್ರತ್ಯೇಕ ಕಾರ್ಯಕ್ರಮ. ಜಿಮ್ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಅದರ ಮುಖ್ಯ ಆಕರ್ಷಣೆ. ಬಾಗಿಲು ಮುಚ್ಚಿದ್ದರೂ ಕಿಟಕಿ ತೆರೆದೇ ಇತ್ತು ಅನ್ನಿ. ಇದೇ ಮಾದರಿ 2004ರಲ್ಲಿ ಬ್ರಿಟನ್ನಿಗೆ ಹೋಯಿತು, ಹಾಗೇ ಏಷ್ಯಾ, ಆಸ್ಟ್ರೇಲಿಯಾ, ಅಮೆರಿಕ, ಜರ್ಮನಿಗೂ. ಬೇರೆ ಬೇರೆ ಹೆಸರಲ್ಲಿ ನಾವೆಲ್ಲ ಈಗ ನೋಡುತ್ತಿರುವುದರಲ್ಲಿ ಬಹುಪಾಲು ಅದರದ್ದೇ ಮರಿಗಳು ಅಥವಾ ನಕಲುಗಳು.

ಹಾಗಂತ ಇದು ಮೋಸ ಅಂತ ನಾನು ಹೇಳುತ್ತಿಲ್ಲ. ನೀವು ಜರಡಿಯ ಮೇಲೆ ಉಳಿಯುವ ಕಾಳಾದರೆ ನಿಮಗೆ ನಿಜವಾದ ಲಾಭವೇ. ಆದರೆ ಜರಡಿಯನ್ನು ಔಷಧಿ ಅಂತ ಮಾರಬಾರದು. ಕಂಪನಿಗಳು 'ನಮ್ಮ ಯೋಜನೆಯಲ್ಲಿರುವವರು ಆಸ್ಪತ್ರೆಗೆ ಹೋಗುವುದು ಕಡಿಮೆ' ಅಂತ ಗ್ರಾಫ್ ತೋರಿಸುತ್ತವಲ್ಲ, ನನಗೆ ಸಿಟ್ಟು ಬರೋದು ಅಲ್ಲೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಶುರು ಮಾಡಿದ ಒಂದು ಪ್ರಯೋಗ ಈ ಗ್ರಾಫ್‌ಗಳ ಬಣ್ಣ ಬಯಲು ಮಾಡಿದೆ. ಸುಮಾರು 5000 ನೌಕರರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರೋಗ್ಯ ತಪಾಸಣೆ, ವ್ಯಾಯಾಮದ ತರಗತಿ, ಜೊತೆಗೆ ನಗದು ಬಹುಮಾನ. ಇನ್ನೊಂದು ಗುಂಪಿಗೆ ಏನೂ ಇಲ್ಲ. ಮೊದಲು ಕಂಪನಿಗಳು ಮಾಡುವ ಹಾಗೆ, ಕಾರ್ಯಕ್ರಮದಲ್ಲಿ ಭಾಗವಹಿಸಿದವರನ್ನು ಭಾಗವಹಿಸದವರ ಜೊತೆ ಹೋಲಿಸಿದರು. ಭಾಗವಹಿಸಿದವರು ಜಿಮ್‌ಗೆ ಹೆಚ್ಚುಕಡಿಮೆ ಎರಡರಷ್ಟು ಹೋಗಿದ್ದರು, ವೈದ್ಯಕೀಯ ಖರ್ಚೂ ಕಡಿಮೆ ಇತ್ತು. ವಾಹ್ ಅನ್ನಿಸುತ್ತದೆ. ಆಮೇಲೆ ಚೀಟಿಯ ಪ್ರಕಾರ ಇಡೀ ಗುಂಪಿಗೆ ಇಡೀ ಗುಂಪನ್ನೇ ಹೋಲಿಸಿದಾಗ ಎರಡೂ ವ್ಯತ್ಯಾಸ ಮಾಯ. ಭಾಗವಹಿಸಿದವರ ಖರ್ಚು ಕಾರ್ಯಕ್ರಮ ಶುರುವಾಗುವ ಮೊದಲೇ ಕಡಿಮೆ ಇತ್ತು, ಅಷ್ಟೇ ವಿಷಯ.

ಇನ್ನು ಜಿಮ್‌ನವರ ಕಡೆಯಿಂದ ನೋಡೋಣ. ಅವರು ಯಾಕೆ ಅರ್ಧ ಬೆಲೆಗೆ ಒಪ್ಪುತ್ತಾರೆ? ಜಿಮ್‌ನ ಖರ್ಚೆಲ್ಲ ಬಾಡಿಗೆ, ಯಂತ್ರ, ಸಂಬಳ. ಇನ್ನೊಬ್ಬ ಸದಸ್ಯ ಸೇರಿದರೆ ಹೆಚ್ಚುವರಿ ಖರ್ಚು ಸೊನ್ನೆ ಅಂದರೂ ಸರಿ, ಅದೂ ಅವನು ಬರದೇ ಇದ್ದರಂತೂ ಇನ್ನೂ ಚೆನ್ನ. ಈ ಧಂದೆಯ ಗುಟ್ಟೇ ಅದು, ಸದಸ್ಯರು ಲೆಕ್ಕಕ್ಕಿರಬೇಕು, ಆಟಕ್ಕಿರಬಾರದು. ಅಮೆರಿಕದ ಮೂರು ಜಿಮ್‌ಗಳ ದಾಖಲೆ ಹಿಡಿದು ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಬರೆದ ಪ್ರಬಂಧವೊಂದಿದೆ. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕೊಡುತ್ತಿದ್ದವರು ತಿಂಗಳಿಗೆ ಸರಾಸರಿ 4.3 ಸಲ ಹೋಗುತ್ತಿದ್ದರು. ಅಂದರೆ ಒಂದು ಭೇಟಿಗೆ 17 ಡಾಲರ್‌ಗಿಂತ ಹೆಚ್ಚು ಬಿತ್ತು. ಅದೇ ಜಿಮ್‌ನಲ್ಲಿ ಹತ್ತು ಭೇಟಿಯ ಪಾಸ್ ತಗೊಂಡಿದ್ದರೆ ಒಂದಕ್ಕೆ 10 ಡಾಲರ್ ಆಗುತ್ತಿತ್ತು! ಮನುಷ್ಯ ಸದಸ್ಯತ್ವ ಕೊಳ್ಳುವಾಗ ತಾನು ಆಗಬೇಕು ಅಂದುಕೊಂಡಿರುವ ಮನುಷ್ಯನಿಗಾಗಿ ಕೊಳ್ಳುತ್ತಾನೆ, ಹೋಗಬೇಕಾದವನು ಮಾತ್ರ ಈಗಿರುವವನು. ನಾವೆಲ್ಲ ಇದೇ ಜಾತಿ.

ಈ ಲೆಕ್ಕ ಹಿಡಿದರೆ ಅರ್ಧ ಬೆಲೆ ರಿಯಾಯಿತಿ ಹೋಗದವರಿಗೆ ಏನು ಮಾಡುತ್ತದೆ ಅಂತ ನೀವೇ ಹೇಳಿ. ದಂಡದ ಖರ್ಚು ಅರ್ಧ ಕಡಿಮೆಯಾಗುತ್ತದೆ. ಹೋಗದಿದ್ದರೆ ಆಗುವ ಹೊಟ್ಟೆಯುರಿಯೂ ಅರ್ಧ ಕಡಿಮೆಯಾಗುತ್ತದೆ. ಪೂರ್ತಿ ಪುಕ್ಕಟೆಯಾದರೆ ಹೊಟ್ಟೆಯುರಿಯೇ ಇಲ್ಲ. ಅಮೆರಿಕದ ಹಿರಿಯರಿಗೆ ವಿಮೆಯ ಮೂಲಕ ಪುಕ್ಕಟೆ ಜಿಮ್ ಕೊಡಿಸುವ ಸಿಲ್ವರ್‌ಸ್ನೀಕರ್ಸ್ ಅನ್ನುವ ಹಳೆಯ ಕಾರ್ಯಕ್ರಮವಿದೆ, 1992ರಿಂದ ನಡೆಯುತ್ತಿದೆ. ಯುನೈಟೆಡ್‌ಹೆಲ್ತ್‌ಕೇರ್ ಅನ್ನುವ ವಿಮಾ ಕಂಪನಿ 2018ರಲ್ಲಿ ಅದನ್ನು ಹಲವು ಕಡೆ ಕೈಬಿಟ್ಟಾಗ ಕೊಟ್ಟ ಕಾರಣ, ಅರ್ಹರಾಗಿರುವವರಲ್ಲಿ ಶೇ. 90ಕ್ಕೂ ಹೆಚ್ಚು ಜನ ಜಿಮ್‌ಗೆ ಕಾಲೇ ಇಡುವುದಿಲ್ಲ ಅಂತ. ಉಳಿದವರು, ಅಂದರೆ ನಿಜವಾಗಿ ಹೋಗುತ್ತಿದ್ದ ಅಜ್ಜ ಅಜ್ಜಿಯರು, ಗಲಾಟೆ ಎಬ್ಬಿಸಿದರು. ಅವರ ಪಾಲಿಗೆ ಅದು ವ್ಯಾಯಾಮ ಮಾತ್ರ ಆಗಿರಲಿಲ್ಲ, ದಿನಕ್ಕೊಮ್ಮೆ ನಾಲ್ಕು ಜನರ ಮುಖ ನೋಡುವ ಜಾಗವೂ ಆಗಿತ್ತು.

ಹಾಗಾದರೆ ದುಡ್ಡಿನಿಂದ ಯಾರನ್ನೂ ಜಿಮ್‌ಗೆ ಎಳೆಯಲಾಗದಾ? ಆಗುತ್ತದೆ, ಆದರೆ ಸೇರಿದ್ದಕ್ಕೆ ಕೊಡುವ ದುಡ್ಡು ಬೇರೆ, ಬಂದಿದ್ದಕ್ಕೆ ಕೊಡುವ ದುಡ್ಡು ಬೇರೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ವಾರದಲ್ಲಿ 8 ಸಲ ಜಿಮ್‌ಗೆ ಬಂದರೆ 100 ಡಾಲರ್ ಕೊಟ್ಟರು. ದುಡ್ಡು ನಿಂತ ಮೇಲೂ ಆ ಗುಂಪು ಹೆಚ್ಚು ಬರುತ್ತಿತ್ತು. ಅದಕ್ಕಿಂತ ಮುಖ್ಯ, ಆ ಹೆಚ್ಚಳ ಅಷ್ಟೂ ಬಂದದ್ದು ಮೊದಲು ಸರಿಯಾಗಿ ಹೋಗದೇ ಇದ್ದವರಿಂದ. ಆಮೇಲೆ 2015ರಲ್ಲಿ ಪ್ರಕಟವಾದ, ಒಂದು ದೊಡ್ಡ ಕಂಪನಿಯ ನೌಕರರ ಮೇಲೆ ಮಾಡಿದ ಪ್ರಯೋಗದಲ್ಲಿ ಬಹುಮಾನ ನಿಂತ ಮೇಲೆ ಅದರ ಪರಿಣಾಮ ಬಹುಪಾಲು ಕರಗಿ ಹೋಯಿತು. ಕರಗದೇ ಉಳಿದದ್ದು ಬಹುಮಾನದ ಬೆನ್ನಿಗೇ 'ಹೋಗದಿದ್ದರೆ ನನ್ನದೇ ದುಡ್ಡು ಹೋಗಲಿ' ಅಂತ ಪಣ ಕಟ್ಟುವ ಅವಕಾಶ ಕೊಟ್ಟಿದ್ದ ಗುಂಪಿನಲ್ಲಿ.

ಕಳೆದುಕೊಳ್ಳುವ ಭಯ ಗಳಿಸುವ ಆಸೆಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಹೊಸ ಯೋಜನೆಗಳು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿವೆ. ವೈಟಾಲಿಟಿಯವರು ಆಪಲ್ ವಾಚ್ ಕೊಡುವ ರೀತಿ ನೋಡಿ. ಮೊದಲಿಗೆ ಸಣ್ಣ ಮೊತ್ತ ಕೊಟ್ಟು ವಾಚ್ ತಗೊಂಡುಬಿಡುತ್ತೀರಿ. ಆಮೇಲೆ ಎರಡು ವರ್ಷ ಕಂತು. ಆ ತಿಂಗಳು ಸಾಕಷ್ಟು ವ್ಯಾಯಾಮ ಮಾಡಿದರೆ ಕಂತು ಸೊನ್ನೆ, ಸೋಮಾರಿಯಾದರೆ ಪೂರ್ತಿ ಕಂತು. ರ‍್ಯಾಂಡ್ ಯುರೋಪ್ ಅನ್ನುವ ಸಂಶೋಧನಾ ಸಂಸ್ಥೆ ಬ್ರಿಟನ್, ಅಮೆರಿಕ, ದಕ್ಷಿಣ ಆಫ್ರಿಕಾದ 4 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿ 2018ರಲ್ಲಿ ವರದಿ ಕೊಟ್ಟಿತು. ವಾಚ್ ತಗೊಂಡವರ ಚಟುವಟಿಕೆ ಸರಾಸರಿ ಶೇ. 34 ಹೆಚ್ಚಾಗಿತ್ತು, ತಿಂಗಳಿಗೆ ಸುಮಾರು 4.8 ದಿನ ಹೆಚ್ಚು. ವರದಿ ಮಾಡಿಸಿದ್ದು ವೈಟಾಲಿಟಿಯೇ, ವಾಚ್ ತಗೊಂಡವರು ತಾವಾಗಿಯೇ ಮುಂದೆ ಬಂದವರು, ಇವೆರಡನ್ನೂ ಮರೆಯಬಾರದು. ಆದರೂ ಇದನ್ನು ಸುಮ್ನೆ ತಳ್ಳಿಹಾಕುವುದಕ್ಕೆ ನನಗೆ ಮನಸ್ಸಿಲ್ಲ. ಪ್ರತಿ ತಿಂಗಳೂ ಜೇಬಿಗೆ ಚುಚ್ಚುವ ವ್ಯವಸ್ಥೆಗೂ ವರ್ಷಕ್ಕೊಮ್ಮೆ ಸಿಗುವ ರಿಯಾಯಿತಿ ಕೂಪನ್ನಿಗೂ ಎಲ್ಲಿಂದೆಲ್ಲಿಗೆ?

ಆದರೆ ಚುಚ್ಚುವಿಕೆಯ ಇನ್ನೊಂದು ಮುಖವನ್ನೂ ನೋಡಿದ್ದೇನೆ. ನನ್ನ ಪರಿಚಯದವರೊಬ್ಬರು ಇಂಥದೇ ಒಂದು ಯೋಜನೆಯಲ್ಲಿದ್ದಾರೆ, ಕಂಪನಿಯ ಹೆಸರು ಬೇಡ. ರಾತ್ರಿ ಊಟ ಮುಗಿದು ಎಲ್ಲರೂ ಮಾತಾಡುತ್ತಾ ಕೂತಿದ್ದರೆ ಇವರು ಸೋಫಾ ಸುತ್ತ ಸುತ್ತು ಹಾಕುತ್ತಿರುತ್ತಾರೆ. ಒಂದು ಕಣ್ಣು ನಮ್ಮ ಮೇಲೆ, ಇನ್ನೊಂದು ಕಣ್ಣು ಗಡಿಯಾರದ ಮೇಲೆ. ಹನ್ನೆರಡು ಹೊಡೆದರೆ ಆ ದಿನದ ಖಾತೆ ಬಂದ್, ಅಷ್ಟರೊಳಗೆ ಹೆಜ್ಜೆ ತುಂಬಬೇಕು. ಜ್ವರ ಬಂದ ವಾರ ಅವರಿಗೆ ಮೈಕೈ ನೋವಿಗಿಂತ ಅಂಕ ಹೋಯಿತು ಅನ್ನುವ ಚಿಂತೆಯೇ ಹೆಚ್ಚಾಗಿತ್ತು. ಸಹಾಯವಾಣಿಗೆ ಫೋನ್ ಮಾಡಿ ಕಾಯಿಲೆ ಬಿದ್ದವರಿಗೆ ವಿನಾಯಿತಿ ಇಲ್ಲವಾ ಅಂತ ಕೇಳಿದರೆ ಇಲ್ಲ ಅಂದರಂತೆ. ಆರೋಗ್ಯ ವಿಮೆಯವರು! (ಚೀನಾದಲ್ಲಿ ಫೋನನ್ನು ತೊಟ್ಟಿಲಿನ ಹಾಗೆ ತೂಗಿ ಹೆಜ್ಜೆ ಎಣಿಕೆ ಏರಿಸುವ ಪುಟ್ಟ ಯಂತ್ರಗಳು ಮಾರಾಟಕ್ಕಿವೆ. ಮೊದಲು ಕೇಳಿದಾಗ ನಕ್ಕಿದ್ದೆ, ಈಗ ಕೊಂಡವರ ಕಷ್ಟವೂ ಸ್ವಲ್ಪ ಅರ್ಥವಾಗುತ್ತದೆ.)

ಅಂಕ ಹೇಗೆ ಲೆಕ್ಕ ಹಾಕುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದರೆ ಯೋಜನೆ ಯಾರಿಗಾಗಿ ಮಾಡಿದ್ದು ಅನ್ನುವುದೂ ಗೊತ್ತಾಗುತ್ತದೆ. ಹೆಚ್ಚಿನವು ಮೂರು ದಾರಿ ಇಟ್ಟಿರುತ್ತವೆ: ಹೆಜ್ಜೆ ಎಣಿಕೆ, ಜಿಮ್ ಗೇಟಿನಲ್ಲಿ ಸ್ಕ್ಯಾನ್, ಹೃದಯ ಬಡಿತ. ಹೆಜ್ಜೆ ಎಣಿಕೆ ನಡೆಯುವವರಿಗೆ ಸರಿ, ಈಜುವವರಿಗೂ ಗಾಲಿಕುರ್ಚಿಯಲ್ಲಿರುವವರಿಗೂ ಅಲ್ಲ. ಭಾರ ಎತ್ತುವುದು ವಯಸ್ಸಾಗುತ್ತಾ ಹೋದ ಹಾಗೆ ಎಲ್ಲರಿಗೂ ಬೇಕಾದ ವ್ಯಾಯಾಮ, ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ಆದರೆ ಒಂದು ಗಂಟೆ ಬೆವರಿಳಿಸಿ ಭಾರ ಎತ್ತಿ ಬಂದರೂ ಹೆಜ್ಜೆ ಲೆಕ್ಕದಲ್ಲಿ ನೀವು ಕೂತೇ ಇದ್ದಿರಿ. ಗೇಟಿನ ಸ್ಕ್ಯಾನ್ ಅಂತೂ ಒಳಗೆ ಬಂದದ್ದನ್ನು ಮಾತ್ರ ಹೇಳುತ್ತದೆ, ಒಳಗೆ ಏನು ಮಾಡಿದಿರಿ ಅಂತ ಅಲ್ಲ.

ಹೃದಯ ಬಡಿತದ್ದು ಇನ್ನೂ ವಿಚಿತ್ರ. 220ರಿಂದ ನಿಮ್ಮ ವಯಸ್ಸು ಕಳೆದರೆ ಬಂದ ಸಂಖ್ಯೆ ನಿಮ್ಮ ಗರಿಷ್ಠ ಬಡಿತ ಅನ್ನುವುದು ಹಳೆಯ ಅಂದಾಜು. 50 ವಯಸ್ಸಿನವರಿಗೆ 170. ಅದರ ಶೇ. 60 ಅಥವಾ 70ರ ಮೇಲೆ ಅರ್ಧ ಗಂಟೆ ಇದ್ದರೆ ಅಂಕ. ಅಂದರೆ ನಿಮಿಷಕ್ಕೆ 102 ಅಥವಾ 119 ದಾಟಿರಬೇಕು. ಈಗ ಅದೇ 50ರ ವ್ಯಕ್ತಿಗೆ ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ಡಾಕ್ಟರ್ ಬೀಟಾ ಬ್ಲಾಕರ್ ಮಾತ್ರೆ ಕೊಟ್ಟಿದ್ದಾರೆ ಅಂದುಕೊಳ್ಳಿ. ಬಡಿತ ಏರದಂತೆ ತಡೆಯುವುದೇ ಆ ಮಾತ್ರೆಯ ಕೆಲಸ. ಪಕ್ಕದವನ ಜೊತೆಗೇ, ಅದೇ ವೇಗದಲ್ಲಿ, ಅಷ್ಟೇ ಏದುಸಿರು ಬಿಡುತ್ತಾ ನಡೆದರೂ ಇವರ ವಾಚ್‌ನಲ್ಲಿ ಅಂಕ ಬೀಳುವುದಿಲ್ಲ. ವ್ಯಾಯಾಮ ಅತಿ ಹೆಚ್ಚು ಬೇಕಾದ ಮನುಷ್ಯನಿಗೇ ಬಹುಮಾನ ಇಲ್ಲ. ಕೆಲವು ಯೋಜನೆಗಳು ಡಾಕ್ಟರ್ ಪತ್ರ ಕೊಟ್ಟರೆ ಬೇರೆ ಗುರಿ ಹಾಕಿಕೊಡುತ್ತವೆ. ಕೇಳಿದವರಿಗೆ ಮಾತ್ರ, ಅದೂ ಅರ್ಜಿ ನಮೂನೆ ಎಲ್ಲಿದೆ ಅಂತ ಹುಡುಕುವ ತಾಳ್ಮೆ ಇದ್ದವರಿಗೆ.

ಮಾಹಿತಿಯ ವಿಷಯ ಹೆಚ್ಚು ಎಳೆಯುವುದಿಲ್ಲ. ನಿಮ್ಮ ನಿದ್ದೆ, ಬಡಿತ, ಓಡಾಟ ಎಲ್ಲವೂ ಯೋಜನೆಯ ಆ್ಯಪ್ ಮೂಲಕ ಕಂಪನಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಒಪ್ಪಿಗೆ ಒತ್ತುತ್ತೇವೆ. ನಾನು ನೋಡುವುದು ಒಂದೇ ಸಾಲು: ಈ ಮಾಹಿತಿಯನ್ನು ಕಂತು ನಿಗದಿಗೆ ಅಥವಾ ಕ್ಲೇಮ್ ತೀರ್ಮಾನಕ್ಕೆ ಬಳಸುತ್ತೇವೆ ಅಂತ ಇದೆಯಾ, ಬಳಸುವುದಿಲ್ಲ ಅಂತ ಇದೆಯಾ, ಇಲ್ಲಾ ಜಾಣತನದಿಂದ ಏನೂ ಹೇಳದೆ ಬಿಟ್ಟಿದ್ದಾರಾ. ಮೂರನೆಯದಾದರೆ ಮೊದಲನೆಯದು ಅಂತಲೇ ನಾನು ಓದಿಕೊಳ್ಳುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೂ ಪಾಲಿಸಿ ನೋಡುತ್ತಿದ್ದೀರಿ ಅಂದರೆ, ಜಿಮ್ ಪುಟವನ್ನು ಕೊನೆಗೆ ತೆರೆಯಿರಿ. ಮೊದಲು ಕಾಯಿಲೆ ಬಿದ್ದಾಗ ಏನು ಕೊಡುತ್ತಾರೆ ನೋಡಿ: ಕಾಯುವ ಅವಧಿ ಎಷ್ಟು, ಯಾವ ಕಾಯಿಲೆ ಹೊರಗಿಟ್ಟಿದ್ದಾರೆ, ನಿಮ್ಮ ಕೈಯಿಂದ ಎಷ್ಟು ಪಾಲು ಹಾಕಬೇಕು, ಯಾವ ಆಸ್ಪತ್ರೆಗಳು ಪಟ್ಟಿಯಲ್ಲಿವೆ. ಜಿಮ್‌ನಲ್ಲಿ ಉಳಿಯುವ ವರ್ಷದ ದುಡ್ಡು ಒಂದೇ ಒಂದು ತಿರಸ್ಕೃತ ಕ್ಲೇಮ್‌ನಲ್ಲಿ ಹತ್ತು ಪಟ್ಟು ಹೋಗಬಹುದು. ಆಮೇಲೆ, ರಿಯಾಯಿತಿ ಇಲ್ಲದ ಅಂಥದೇ ಪಾಲಿಸಿಗೆ ಕಂತು ಎಷ್ಟು ಅಂತ ಪಕ್ಕದಲ್ಲಿಟ್ಟು ನೋಡಿ, ಕಾರ್ಯಕ್ರಮಕ್ಕೆ ಬೇರೆ ತಿಂಗಳ ಶುಲ್ಕ ಇದ್ದರೆ ಅದನ್ನೂ ಸೇರಿಸಿ. ಪಟ್ಟಿಯಲ್ಲಿರುವ ಜಿಮ್ ನಿಮ್ಮ ಮನೆಯಿಂದಲೋ ಕೆಲಸದ ಜಾಗದಿಂದಲೋ ಎಷ್ಟು ದೂರ ನೋಡಿ. ದೂರದ ಜಿಮ್‌ಗೆ ಎಷ್ಟು ರಿಯಾಯಿತಿ ಕೊಟ್ಟರೂ ನಾವು ಹೋಗುವುದಿಲ್ಲ, ಇದನ್ನು ತಿಳಿಯಲು ಯಾವ ಅಧ್ಯಯನವೂ ಬೇಡ. ರಿಯಾಯಿತಿ ಸೇರಿದ್ದಕ್ಕೋ ಬಂದದ್ದಕ್ಕೋ ಅಂತಲೂ ನೋಡಿ. ಹೊಸದಾಗಿ ಶುರು ಮಾಡುವವರಾದರೆ ಬಂದದ್ದಕ್ಕೆ ಕೊಡುವ ಯೋಜನೆಯೇ ವಾಸಿ, ತೋರಿಕೆಗೆ ಮೊತ್ತ ಚಿಕ್ಕದಿದ್ದರೂ ಪರವಾಗಿಲ್ಲ.

ಹೆಚ್ಚಿನವರು ಗಮನಿಸದ ಒಂದು ತೊಡಕು ಇನ್ನೂ ಇದೆ. ಇಲ್ಲಿ ನಿಮಗೆ ಎರಡು ಒಪ್ಪಂದ, ಒಂದು ವಿಮಾ ಕಂಪನಿ ಜೊತೆ, ಇನ್ನೊಂದು ಜಿಮ್ ಜೊತೆ. ರಿಯಾಯಿತಿಯ ಒಪ್ಪಂದ ಮಾತ್ರ ಅವರಿಬ್ಬರ ನಡುವಿನದು, ಅದಕ್ಕೆ ನಿಮ್ಮ ಸಹಿ ಇಲ್ಲ. ಅವರಿಬ್ಬರ ಸಂಬಂಧ ಮಧ್ಯದಲ್ಲಿ ಮುರಿದರೆ, ಅಥವಾ ನೀವು ಪಾಲಿಸಿ ನವೀಕರಿಸದಿದ್ದರೆ, ಜಿಮ್‌ನ ಒಪ್ಪಂದದಲ್ಲಿ ಉಳಿದ ತಿಂಗಳುಗಳಿಗೆ ಪೂರ್ತಿ ಶುಲ್ಕ ನಿಮ್ಮ ತಲೆಗೆ ಬರಬಹುದು. ಹಾಗಾದಾಗ ದಂಡವಿಲ್ಲದೆ ಜಿಮ್ ಬಿಡಬಹುದಾ ಅಂತ ಸಹಿ ಹಾಕುವ ಮೊದಲೇ ಇಬ್ಬರನ್ನೂ ಕೇಳಿ. ಫೋನಿನಲ್ಲಿ 'ಹೌದು ಸಾರ್, ಹೌದು ಮೇಡಂ' ಅಂತಾರೆ. ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ ಅನ್ನಿ.